ಎಕ್ಸಾಸ್ಟ್ ವಾಲ್ವ್ ಹೋದ ಕಾರನ್ನು ಗ್ಯಾರೇಜ್‌ ತನಕ ಒಯ್ಯುವುದು ಹೇಗೆ

ಎಕ್ಸಾಸ್ಟ್ ವಾಲ್ವ್ ಅಂದರೆ ಸಿಲಿಂಡರ್‌ನಲ್ಲಿ ಸುಟ್ಟ ಹೊಗೆಯನ್ನು ಹೊರಗೆ ಬಿಡುವ ಮುಚ್ಚಳ. ಅದು ಹೋಗಿದೆ ಅನಿಸಿದರೆ ಮೊದಲು ಸದ್ದು ಕೇಳಿ. ವಾಲ್ವ್ ಸರಿಯಾಗಿ ಕೂರದೆ ಬರೀ ಲೀಕ್ ಆಗುತ್ತಿದ್ದರೆ ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ತಪ್ಪುವುದು) ಇರುತ್ತದೆ, ಸೈಲೆನ್ಸರ್ ಒಂದೇ ಲಯದಲ್ಲಿ ಪುಸ್ ಪುಸ್ ಅನ್ನುತ್ತದೆ. ಇಷ್ಟೇ ಆಗಿದ್ದರೆ ಹತ್ತಿರದ ಗ್ಯಾರೇಜ್‌ಗೆ ಹೇಗೋ ಮುಟ್ಟಿಸಬಹುದು. ಆದರೆ ಒಳಗಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಕೇಳಿಸಿದರೆ ಅಲ್ಲೇ ಆಫ್ ಮಾಡಿ. ವಾಲ್ವ್ ತುಂಡಾಗಿ ಸಿಲಿಂಡರ್ ಒಳಗೆ ಬಿದ್ದರೆ ಪಿಸ್ಟನ್ನೂ ಹೋಯಿತು, ಮೇಲಿನ ಸಿಲಿಂಡರ್ ಹೆಡ್ಡೂ ಹೋಯಿತು. ಆಗ ಟೋ ಮಾಡಿಸುವುದೇ ಅಗ್ಗ.

ಓಡಿಸುವುದೇ ಆದರೆ ಎಸಿ ಬೇಡ, ಓವರ್‌ಟೇಕ್ ಬೇಡ, ಹೆದ್ದಾರಿಯಂತೂ ಬೇಡವೇ ಬೇಡ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ. ಚೆಕ್ ಎಂಜಿನ್ ಲೈಟ್ ಮಿನುಗತೊಡಗಿದರೆ ನಿಲ್ಲಿಸಿ, ಯಾಕೆಂದರೆ ಆ ಸಿಲಿಂಡರ್‌ನಲ್ಲಿ ಸುಡದೆ ಉಳಿದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯುತ್ತದೆ, ಅದು ಕೆಂಪಗೆ ಕಾದು ಒಳಗಿನ ಜಾಲರಿ ಕರಗಿಯೂ ಹೋಗಬಹುದು. ಒಣ ಹುಲ್ಲಿನ ಮೇಲಂತೂ ಪಾರ್ಕ್ ಮಾಡಬೇಡಿ, ಆ ಶಾಖಕ್ಕೆ ಹತ್ತಿಕೊಳ್ಳಬಹುದು.

ಎಕ್ಸಾಸ್ಟ್ ವಾಲ್ವ್ ಯಾಕೆ ಸುಡುತ್ತದೆ? ಬೆಂಕಿಯಂಥ ಹೊಗೆಯೆಲ್ಲ ಅದನ್ನು ಸವರಿಕೊಂಡೇ ಹೊರಗೆ ಹೋಗಬೇಕು. ಅದು ತಣ್ಣಗಾಗುವುದು ಮುಖ್ಯವಾಗಿ ಮುಚ್ಚಿಕೊಂಡು ತಾನು ಕೂರುವ ಜಾಗಕ್ಕೆ, ಅಂದರೆ ಸೀಟಿಗೆ ತಾಗಿದಾಗ. ವಾಲ್ವನ್ನು ಒತ್ತಿ ತೆರೆಯುವ ಟಪೆಟ್ ಟೈಟ್ ಆದರೆ, ಅಂದರೆ ನಡುವಿನ ಗ್ಯಾಪ್ ಇಲ್ಲವಾದರೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಶಾಖ ಇಳಿಯುವುದಿಲ್ಲ, ಅಂಚು ಸುಟ್ಟು ಸೀಳುತ್ತದೆ. ತಮಾಷೆ ಅಂದರೆ ಟಪೆಟ್ ಸಡಿಲವಾದರೆ ಟಿಕ್ ಟಿಕ್ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಟೈಟ್ ಆದರೆ ಸದ್ದೇ ಇಲ್ಲ. ಸುಮ್ನಿದ್ದೇ ಕೆಲಸ ಕೆಡಿಸುತ್ತದೆ. ಗ್ಯಾಸ್ ಗಾಡಿ ಇಟ್ಟುಕೊಂಡವರು ಈ ಟಪೆಟ್ ಗ್ಯಾಪ್ ಮೇಲೆ ಜಾಸ್ತಿ ಕಣ್ಣಿಡಬೇಕು.

ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದಾಗ P0303 ಅಂತ ಬಂದರೆ ಮೂರನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಅಷ್ಟೇ, ವಾಲ್ವ್ ಹೋಗಿದೆ ಅಂತಲ್ಲ. ಪ್ಲಗ್, ಕಾಯಿಲ್ ಮೊದಲು ನೋಡಲಿ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗೆ ಒತ್ತಡ ಎಷ್ಟು ಏರುತ್ತದೆ ಅಂತ ಅಳೆಯುವುದು. ಒಂದು ಸಿಲಿಂಡರ್‌ನಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಮೇಲೆ ಅನುಮಾನ, ಏರದಿದ್ದರೆ ವಾಲ್ವ್ ಮೇಲೆ. ಇನ್ನೂ ಖಚಿತವಾಗಬೇಕಾದರೆ ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ ಗಾಳಿ ತುಂಬಿಸಿ ಕಿವಿಗೊಟ್ಟು ಕೇಳಬೇಕು: ಸೈಲೆನ್ಸರ್ ಬಾಯಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದರೆ ಗಾಳಿ ಒಳಗೆ ಬಿಡುವ ಇನ್ಟೇಕ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಅಂದರೆ ರಿಂಗ್.

ಇಷ್ಟಾದ ಮೇಲೂ ಹೆಡ್ ಇಳಿಸಲು ಅವಸರ ಬೇಡ. ಟಪೆಟ್ ಅಡ್ಜಸ್ಟ್ ಮಾಡುವಂಥ ಎಂಜಿನ್ ಆದರೆ ಗ್ಯಾಪ್ ಸರಿಮಾಡಿಸಿ ಇನ್ನೊಮ್ಮೆ ಕಂಪ್ರೆಷನ್ ನೋಡಿಸಿ. ಅಂಚು ಇನ್ನೂ ಸುಟ್ಟಿಲ್ಲದಿದ್ದರೆ ಅಷ್ಟಕ್ಕೇ ಸರಿಹೋಗುವುದೂ ಉಂಟು.