ಗಡಿನಾಡಿನ ಇಂಟರ್ನೆಟ್ ಸಂಸ್ಥೆಗೆ ನಿರ್ವಹಣಾ ಸಲಹೆ: ಕೆಲಸ ಎಲ್ಲಿಂದ ಆರಂಭವಾಗಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದಂತಹ ಊರುಗಳಲ್ಲಿ ಮನೆಮನೆಗೆ ಫೈಬರ್ ಎಳೆದು ಇಂಟರ್ನೆಟ್ ಕೊಡುವ ಮಧ್ಯಮ ಗಾತ್ರದ ಸಂಸ್ಥೆಯೊಂದು, ದೂರುಗಳು ಹೆಚ್ಚುತ್ತಿವೆ, ಗ್ರಾಹಕರು ಬಿಟ್ಟುಹೋಗುತ್ತಿದ್ದಾರೆ, ಖರ್ಚು ಮಾತ್ರ ಇಳಿಯುತ್ತಿಲ್ಲ ಎಂದು ಸಲಹೆಗಾರರನ್ನು ಕರೆಸಿದಾಗ, ಮೊದಲ ದಿನವೇ ಅವರ ಕೈಗೆ ಬರುವುದು ತಿಂಗಳ ಸರಾಸರಿಗಳನ್ನು ತುಂಬಿದ ವರದಿ. ಅದನ್ನು ಒಮ್ಮೆ ಓದಿ ಪಕ್ಕಕ್ಕಿಡಬೇಕು. ದೊಡ್ಡ ಕಂಪೆನಿಗಳ ಕಾರ್ಯವಿಧಾನಗಳನ್ನು ವಿಂಗಡಿಸಲು ಟೆಲಿಕಾಂ ಉದ್ಯಮದ ಒಕ್ಕೂಟವಾದ ಟಿಎಂ ಫೋರಂ ರೂಪಿಸಿರುವ ಇಟಾಮ್ ಚೌಕಟ್ಟನ್ನೂ ಈ ಹಂತದಲ್ಲಿ ಹೊರತೆಗೆಯಬೇಕಾಗಿಲ್ಲ. ಇಷ್ಟು ಚಿಕ್ಕ ಸಂಸ್ಥೆಯಲ್ಲಿ ಅದು ಗೋಡೆಗೆ ಅಂಟಿಸುವ ನಕ್ಷೆಯಾಗಿ ಉಳಿಯುವುದೇ ಹೆಚ್ಚು.

ಅದರ ಬದಲು ಹತ್ತಿಪ್ಪತ್ತು ದೂರುಗಳನ್ನು ಆರಿಸಿಕೊಂಡು, ಒಂದೊಂದನ್ನೂ ಗ್ರಾಹಕರು ಕರೆ ಮಾಡಿದ ಕ್ಷಣದಿಂದ ಸಂಪರ್ಕ ಮರಳಿ ಬಂದ ಕ್ಷಣದವರೆಗೆ ಹಿಂಬಾಲಿಸಬೇಕು. ಕರೆ ಬಂದ ಹೊತ್ತು, ದೂರು ದಾಖಲಾದ ಹೊತ್ತು, ಅದು ಲೈನಿನ ಹುಡುಗರ ಮೊಬೈಲಿಗೆ ತಲುಪಿದ ಹೊತ್ತು, ಅವರು ಹೊರಟ ಹೊತ್ತು, ದೋಷದ ಜಾಗ ಸಿಕ್ಕಿದ ಹೊತ್ತು, ಕೆಲಸ ಮುಗಿದ ಹೊತ್ತು, ಇಷ್ಟನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ತುಂಡಾದ ಫೈಬರಿನ ಎರಡು ತುದಿಗಳನ್ನು ಶುಚಿಗೊಳಿಸಿ ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿಟ್ಟು ಜಾಯಿಂಟ್ ಹಾಕುವುದಕ್ಕೆ ಕೆಲವೇ ನಿಮಿಷ ಸಾಕು. ಹಾಗಿದ್ದೂ ಗ್ರಾಹಕರು ಮೂರು ದಿನ ಕಾದರೆಂದರೆ, ಆ ಮೂರು ದಿನ ಯಾರ ಮೇಜಿನ ಮೇಲೆ ಕಳೆಯಿತು ಎಂಬುದೇ ಸಲಹೆಗಾರರು ಹುಡುಕಬೇಕಾದ ಉತ್ತರ.

ನಮ್ಮ ಜಿಲ್ಲೆಯಲ್ಲಿ ಈ ವಿಳಂಬದ ಒಂದು ಪಾಲು ಭಾಷೆಯಿಂದ ಹುಟ್ಟುತ್ತದೆ. ಎಣ್ಮಕಜೆಯ ಗ್ರಾಹಕರು "ಮೋಡೆಮಿನಲ್ಲಿ ಕೆಂಪು ಲೈಟ್ ಮಿನುಗುತ್ತಿದೆ" ಎಂದು ಕನ್ನಡದಲ್ಲಿ ಹೇಳುತ್ತಾರೆ; ಕರೆ ಸ್ವೀಕರಿಸುವವರಿಗೆ ಮಲಯಾಳ ಮಾತ್ರ ಗೊತ್ತಿದ್ದರೆ, ಅರ್ಥವಾದಷ್ಟನ್ನು ಹಿಡಿದು "ನೆಟ್ ನಿಧಾನ" ಎಂದು ದಾಖಲಿಸುತ್ತಾರೆ. ಆ ಕೆಂಪು ಲೈಟ್ ಎಂದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಲೈನಿನ ಹುಡುಗ ಬೇರೊಂದು ರೌಟರ್ ಹಿಡಿದುಕೊಂಡು ಗುಡ್ಡೆ ಹತ್ತಿ ಹೋಗಿ, ನೋಡಿ, ಸ್ಪ್ಲೈಸಿಂಗ್ ಮೆಷಿನ್ ತರಲು ಹಿಂದಿರುಗುತ್ತಾನೆ; ಎರಡನೆಯ ಭೇಟಿ ಮರುದಿನಕ್ಕೆ ಹೋಗುತ್ತದೆ. ವಿಳಾಸದ ಗೊಂದಲವೂ ಇದಕ್ಕೆ ಸೇರಿಕೊಳ್ಳುತ್ತದೆ. ಇಲ್ಲಿ ಮನೆಗಳನ್ನು ಗುರುತಿಸುವುದು ಮನೆಹೆಸರಿನಿಂದ. ಅಡ್ಕ, ಮೂಲೆ, ಪದವು, ಬೈಲು ಎಂದು ಕೊನೆಗೊಳ್ಳುವ ಹೆಸರುಗಳು ಒಂದೇ ಪಂಚಾಯತಿನಲ್ಲಿ ಹತ್ತಾರು ಇರುತ್ತವೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಒಂದೇ ಹೆಸರು ನಾಲ್ಕು ರೂಪ ತಾಳುತ್ತದೆ. ದೂರಿನ ನಮೂನೆಗೆ ಲೈಟಿನ ಬಣ್ಣವನ್ನು ಕೇಳುವ ಒಂದು ಪ್ರಶ್ನೆ, ಹೊಸ ಸಂಪರ್ಕ ಕೊಡುವಾಗಲೇ ಮನೆಯಂಗಳದಲ್ಲಿ ನಿಂತು ಗುರುತಿಸಿದ ಜಿಪಿಎಸ್ ಸ್ಥಾನ, ಕರೆ ಸ್ವೀಕರಿಸುವ ಪ್ರತಿ ಪಾಳಿಯಲ್ಲಿ ಕನ್ನಡ ಮತ್ತು ತುಳು ಬಲ್ಲ ಒಬ್ಬರು, ಇಷ್ಟನ್ನು ಸೂಚಿಸಲು ದುಬಾರಿ ಸಾಫ್ಟ್‌ವೇರ್ ಬೇಕಾಗಿಲ್ಲ.

ಸಂಸ್ಥೆ ಹೇಳುವ ಲೆಕ್ಕ ನಿಜವೇ ಎಂದು ಪರೀಕ್ಷಿಸಲು, ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ಸೂತ್ರವೊಂದು ಸಾಕು: ಬಾಕಿ ಇರುವ ದೂರುಗಳ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಬರುವ ದೂರುಗಳ ಸಂಖ್ಯೆಯಿಂದ ಭಾಗಿಸಿದರೆ, ಒಂದು ದೂರು ಸರಾಸರಿ ಎಷ್ಟು ದಿನ ಉಳಿಯುತ್ತದೆ ಎಂದು ತಿಳಿಯುತ್ತದೆ. ಉದಾಹರಣೆಗೆ, ದಿನಕ್ಕೆ 20 ದೂರು ಬಂದು ಸದಾ 90 ದೂರು ಬಾಕಿ ಇರುವ ಕಡೆ ಸರಾಸರಿ ಕಾಲ ನಾಲ್ಕೂವರೆ ದಿನ. ವರದಿಯಲ್ಲಿ 24 ಗಂಟೆ ಎಂದಿದ್ದರೆ, ಬಹುಶಃ ಅಲ್ಲಿನ ಗಡಿಯಾರ ಆರಂಭವಾಗುತ್ತಿರುವುದು ಗ್ರಾಹಕರ ಕರೆಯಿಂದಲ್ಲ, ಕೆಲಸ ಲೈನಿನ ಹುಡುಗರಿಗೆ ಹಂಚಿಕೆಯಾದಾಗಿನಿಂದ. ಇಲ್ಲವೇ ಇನ್ನೂ ಮುಗಿಯದ ಹಳೆಯ ದೂರುಗಳು ಸರಾಸರಿಗೆ ಸೇರಿಯೇ ಇಲ್ಲ. ಮಾಲೀಕರ ಎದುರು ಈ ಭಾಗಾಕಾರವನ್ನು ಮಾಡಿ ತೋರಿಸುವಾಗ ಸಿಬ್ಬಂದಿಯ ಮೇಲೆ ಆರೋಪ ಬಾರದಂತೆ ಮಾತು ಆರಿಸಬೇಕು, ಏಕೆಂದರೆ ಮುಂದಿನ ಮಾಹಿತಿಯೆಲ್ಲ ಬರಬೇಕಾಗಿರುವುದು ಅವರಿಂದಲೇ.

ದೋಷಗಳ ಕಾರಣವನ್ನು ಋತುವಿಗೆ ಅನುಸಾರವಾಗಿ ವಿಂಗಡಿಸುವುದು ಇಲ್ಲಿ ಅನಿವಾರ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ತೋಟದ ಅಡಿಕೆಮರಗಳೂ ತೆಂಗಿನ ಗರಿಗಳೂ ಕೇಬಲಿನ ಮೇಲೆ ಬೀಳುತ್ತವೆ. ಮಳೆಗಾಲದ ಮುಂಚೆ ಮತ್ತು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಆಸುಪಾಸಿನಲ್ಲಿ ಸಿಡಿಲಿಗೆ ಮೋಡೆಮುಗಳು ಸುಡುತ್ತವೆ. ಮೊದಲನೆಯದಕ್ಕೆ ಬೇಕಾದದ್ದು ಕೇಬಲ್ ಮತ್ತು ಜಾಯಿಂಟ್ ಹಾಕುವ ಕೈ, ಎರಡನೆಯದಕ್ಕೆ ಬೇಕಾದದ್ದು ಮೋಡೆಮ್ ಮತ್ತು ಅಡಾಪ್ಟರ್ ದಾಸ್ತಾನು. ಎರಡನ್ನೂ ಒಂದೇ ಅಂಕಣದಲ್ಲಿ ಕೂಡಿಸಿದರೆ ಖರೀದಿಯ ಯೋಜನೆಯೇ ತಪ್ಪುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಂತಹ ಕಾಮಗಾರಿಗಳಲ್ಲಿ ನೆಲದಡಿಯ ಕೇಬಲ್ ಜೆಸಿಬಿಗೆ ಸಿಕ್ಕುವ ಅಪಾಯ ಬೇರೆಯೇ ಬಗೆಯದು. ಅಗೆಯುವವರು ಮುಂಚಿತವಾಗಿ ತಿಳಿಸುವುದಕ್ಕೆಂದು ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ಹೊರತಂದಿದೆ. ಸಂಸ್ಥೆ ತನ್ನ ಕೇಬಲ್ ದಾರಿಯನ್ನು ಅದರಲ್ಲಿ ದಾಖಲಿಸಬೇಕು, ಜೊತೆಗೆ ಗುತ್ತಿಗೆದಾರರ ಮೇಸ್ತ್ರಿಯ ಫೋನ್ ನಂಬರನ್ನೂ ಇಟ್ಟುಕೊಳ್ಳಬೇಕು. ಅನುಭವದಲ್ಲಿ ಎರಡನೆಯದೇ ಬೇಗ ಫಲ ಕೊಡುತ್ತದೆ.

ದೂರು ಬರುವ ಮೊದಲೇ ದೋಷವನ್ನು ಗುರುತಿಸುವ ಸಾಧನ ಸಂಸ್ಥೆಯ ಬಳಿಯೇ ಇರುತ್ತದೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಕವಲೊಡೆಸುವ ಜಿಪಾನ್ ಜಾಲದಲ್ಲಿ ಪ್ರತಿ ಮನೆಯ ಮೋಡೆಮ್ ಪಡೆಯುತ್ತಿರುವ ಬೆಳಕಿನ ಪ್ರಮಾಣವನ್ನು, ಆ ಫೈಬರುಗಳು ಬಂದು ಸೇರುವ ಕಚೇರಿಯ ಯಂತ್ರವಾದ ಒಎಲ್‌ಟಿಯಿಂದಲೇ ಓದಬಹುದು. ಬಿ ಪ್ಲಸ್ ದರ್ಜೆಯ ಉಪಕರಣಗಳಲ್ಲಿ ಇದರ ಕೆಳಮಿತಿ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ). ಮೈನಸ್ 25ಕ್ಕಿಂತ ಕೆಳಗಿಳಿದ ಮನೆಗಳ ಪಟ್ಟಿಯನ್ನು ಪ್ರತಿ ಸೋಮವಾರ ತೆಗೆದರೆ, ಬಾಗಿದ ಫೈಬರ್, ನೀರು ಹೊಕ್ಕ ಜಾಯಿಂಟ್ ಬಾಕ್ಸ್, ಕೊಳೆಯಾದ ಕನೆಕ್ಟರ್ ಇರುವ ಜಾಗಗಳು ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ಅದೇ ಒಎಲ್‌ಟಿಯಲ್ಲಿ ಚಾಲ್ತಿಯಲ್ಲಿರುವ ಮೋಡೆಮುಗಳ ಸೀರಿಯಲ್ ನಂಬರುಗಳನ್ನು ಬಿಲ್ಲಿಂಗ್ ಪಟ್ಟಿಯೊಂದಿಗೆ ತಾಳೆ ನೋಡಿದರೆ ಬಿಲ್ಲಿಲ್ಲದೆ ಓಡುತ್ತಿರುವ ಸಂಪರ್ಕಗಳೂ, ಸಂಪರ್ಕ ಬಿಟ್ಟವರ ಮನೆಯಲ್ಲೇ ಉಳಿದ ಮೋಡೆಮುಗಳೂ ಪತ್ತೆಯಾಗುತ್ತವೆ. ಸಲಹೆಗಾರರ ಶುಲ್ಕದ ಬಗ್ಗೆ ಮಾಲೀಕರಿಗಿರುವ ಹಿಂಜರಿಕೆ ಈ ತಾಳೆಪಟ್ಟಿ ಕಂಡ ಮೇಲೆ ಕಡಿಮೆಯಾಗುವುದುಂಟು.

ಗುರಿ ನಿಗದಿಪಡಿಸುವಾಗ ಎಚ್ಚರ ಬೇಕು. ಇಷ್ಟು ಗಂಟೆಯೊಳಗೆ ದೂರು ಮುಚ್ಚಬೇಕು ಎಂದು ಮಾತ್ರ ಹೇಳಿದರೆ, ದೂರುಗಳು ಮುಚ್ಚುತ್ತವೆ, ನೆಟ್ ಬಂದಿರುವುದಿಲ್ಲ. ಏಳು ದಿನದೊಳಗೆ ಅದೇ ಮನೆಯಿಂದ ಮತ್ತೆ ಬಂದ ದೂರನ್ನು ಹೊಸದೆಂದು ಎಣಿಸದೆ ಹಳೆಯದರ ಮುಂದುವರಿಕೆ ಎಂದೇ ಪರಿಗಣಿಸಬೇಕು, ಮತ್ತು ಮುಚ್ಚುವ ಮುನ್ನ ಗ್ರಾಹಕರ ಒಪ್ಪಿಗೆ ಪಡೆಯುವ ಹೊಣೆ ಲೈನಿನವರದಲ್ಲದೆ ಕಚೇರಿಯದಾಗಿರಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ನಂಬರ್ (ದೂರಿನ ಗುರುತು ಸಂಖ್ಯೆ) ಕೊಡಬೇಕು, ಮೇಲ್ಮನವಿಯನ್ನು 39 ದಿನದೊಳಗೆ ತೀರ್ಮಾನಿಸಬೇಕು. ಸಂಸ್ಥೆ ಸೂಚಿಸುವ ಒಳಗಡುವುಗಳು ಇದಕ್ಕೆ ಪೂರಕವಾಗಿವೆಯೇ ಎಂದು ನೋಡಿಕೊಳ್ಳಬೇಕು.

ಬದಲಾವಣೆಗಳನ್ನು ಮೊದಲು ಒಂದೇ ಶಾಖೆಯಲ್ಲಿ, ಬದಿಯಡ್ಕವೆಂದೇ ಇಟ್ಟುಕೊಳ್ಳೋಣ, ಜಾರಿಗೊಳಿಸಿ, ಅಂಥದೇ ಇನ್ನೊಂದು ಶಾಖೆಯನ್ನು ಹಾಗೆಯೇ ಬಿಟ್ಟು ಹೋಲಿಸಬೇಕು. ಒಪ್ಪಂದ ಮಾರ್ಚ್ ಸುಮಾರಿಗೆ ಆರಂಭವಾದರೆ ಒಳ್ಳೆಯದು. ಬೇಸಿಗೆಯ ಅಳತೆಯನ್ನು ಮಳೆಗಾಲದ ಅಳತೆಯೊಂದಿಗೆ ಹೋಲಿಸಿ ಯಶಸ್ಸು ಅಥವಾ ಸೋಲು ಎಂದು ಹೇಳುವುದು ಎರಡೂ ಕಡೆಯವರಿಗೆ ಅನ್ಯಾಯವಾದ್ದರಿಂದ, ಹಿಂದಿನ ವರ್ಷದ ಜುಲೈಯನ್ನು ಈ ವರ್ಷದ ಜುಲೈಯೊಂದಿಗೆ ಹೋಲಿಸಬೇಕೆಂದೂ, ಶುಲ್ಕದ ಕೊನೆಯ ಕಂತು ಆ ಹೋಲಿಕೆ ಮುಗಿದ ಮೇಲಷ್ಟೇ ಸಲ್ಲತಕ್ಕದ್ದೆಂದೂ ಒಪ್ಪಂದದಲ್ಲೇ ಬರೆದಿಡಬೇಕು.