ದಾರಿ ಹಾಕೋ ಮುಂಚೆ ಮನೆಯ ಅಗಲ ಎಣಿಸಿ

ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್ ವಿಡಿಯೋ ಗೇಮ್ ಆಡೋರಿಗೆ ಒಂದು ಮಾತು. ದಾರಿ ಬಾಗಿಲ ನಟ್ಟನಡುವೆ ಕೂರ್ತಿಲ್ಲ ಅಂತ ಎರಡು ಸಂಜೆ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ನೆಲದ ಚೌಕ ಎಣಿಸಿದೆ: ನಮ್ಮ ಮನೆ 5 ಚೌಕ ಅಗಲ, ನೆರೆಯವರದ್ದು 4. ಅಂದ್ರೆ ನಮ್ಮ ಬಾಗಿಲಿಗೆ 1 ಅಥವಾ 3 ಚೌಕದ ದಾರಿ, ಅವರ ಬಾಗಿಲಿಗೆ 2 ಚೌಕದ್ದು. ಮ್ಯೂಸಿಯಂ 7 ಚೌಕ, ಅದಕ್ಕೂ ಬೆಸಸಂಖ್ಯೆಯೇ ಸರಿ. ರೆಸಿಡೆಂಟ್ ಸರ್ವಿಸಸ್ (ದ್ವೀಪದ ಕಚೇರಿ) ಕಟ್ಟಡವನ್ನಂತೂ ಕದಲಿಸೋಕೇ ಆಗಲ್ಲ, ಅದರ ಮುಂದಿಂದಲೇ ಅಳತೆ ಶುರು ಮಾಡಿ.

ಮೊದಲು ಯಾವುದಾದರೂ ಕಸ್ಟಮ್ ಡಿಸೈನ್ (ನಾವೇ ಬಿಡಿಸಿದ ವಿನ್ಯಾಸ) ನೆಲಕ್ಕೆ ಹಾಸಿ ಗುರುತು ಮಾಡಿಕೊಳ್ಳಿ, ಓಡಾಡಿ ನೋಡಿ. ನೆರೆಯವರ ಮನೆ ಒಂದು ಸಲ ಸರಿಸಿದ್ರೆ 50,000 ಬೆಲ್ಸ್ (ಆಟದ ದುಡ್ಡು) ಹೋಗುತ್ತೆ, ಜೊತೆಗೆ ಒಂದು ದಿನ ಕಾಯೋದು ಬೇರೆ. ದಾರಿಯ ಮೂಲೆಗಳನ್ನ ದುಂಡಗೆ ಮಾಡೋದು ಕೊನೆಗಿರಲಿ.