ಹಳೆ ಫ್ರಿಡ್ಜಿನ ಬಾಗಿಲಿಗೆ ಸೋಡಾ ನಲ್ಲಿ

ಹೊರದೇಶಗಳಲ್ಲಿ ಹಳೆ ಫ್ರಿಡ್ಜಿನೊಳಗೆ ಕೆಗ್ (ಒತ್ತಡ ತಡೆಯುವ ಸ್ಟೀಲ್ ಕ್ಯಾನು) ಇಟ್ಟು, ಬಾಗಿಲಿಗೆ ನಲ್ಲಿ ಕೂರಿಸಿ ಬಿಯರ್ ಹಿಡಿಯುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರಡಿ ಅಪರಾಧ. ಅದೇ ಜೋಡಣೆಯಲ್ಲಿ ಸೋಡಾ ಮಾತ್ರ ಸೊಗಸಾಗಿ ಬರುತ್ತದೆ. ಬಿಯರ್‌ಗೆ 10–12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಸಾಕು, ಸೋಡಾಕ್ಕೆ 30 ಬೇಕು. ಬಿಯರ್‌ನ ಅಳತೆಗಳನ್ನೇ ನಂಬಿ ಜೋಡಿಸಿದರೆ ನಲ್ಲಿಯಲ್ಲಿ ಬುಸ್ಸೆಂದು ಗ್ಯಾಸು, ಲೋಟದಲ್ಲಿ ಸಪ್ಪೆ ನೀರು.

ಫ್ರಿಡ್ಜು ಒಂದೇ ಬಾಗಿಲಿನದು, ಹಿಂಬದಿಯಲ್ಲಿ ಕಪ್ಪು ಜಾಲರಿ ಇರುವಂಥದ್ದು ಉತ್ತಮ. ಬಿಸಿ ಹೊರಹಾಕುವ ಕೊಳವೆ ಆ ಜಾಲರಿಯಲ್ಲೇ ಇರುತ್ತದೆ. ಜಾಲರಿ ಇಲ್ಲದ ಹೊಸ ಮಾದರಿಗಳಲ್ಲಿ ಅದು ಪಕ್ಕದ ಗೋಡೆಯೊಳಗೆ ಹುದುಗಿರುವುದರಿಂದ ಅಲ್ಲಿ ಡ್ರಿಲ್ ಇಟ್ಟರೆ ಫ್ರಿಡ್ಜ್ ಮುಗಿದಂತೆ. ಫ್ರೀಜರ್ ಪೆಟ್ಟಿಗೆಯನ್ನು ಬಗ್ಗಿಸಲೂ ಹೋಗಬೇಡಿ, ಅದರ ಗೋಡೆಯಲ್ಲೂ ಅನಿಲದ ಕೊಳವೆ ಇರುತ್ತದೆ. ಹಿಂದಿನ ಚೀಟಿಯಲ್ಲಿ ಆರ್600ಎ ಎಂದಿದ್ದರೆ ಒಳಗಿರುವುದು ಹೊತ್ತಿಕೊಳ್ಳುವ ಅನಿಲ.

19 ಲೀಟರ್ ಕೆಗ್ಗಿನ ಎತ್ತರ ಸುಮಾರು 64 ಸೆಂ.ಮೀ., ಅಗಲ 22. ಮೇಲೆ ಕನೆಕ್ಟರ್‌ಗಳಿಗೆ ಇನ್ನೂ 8–10 ಸೆಂ.ಮೀ. ಬೇಕು. ಕೆಗ್ ಕೊಳ್ಳುವ ಮೊದಲೇ ಇದನ್ನು ಅಳೆದು ನೋಡಿ, ಸಾಲದಿದ್ದರೆ ಅರ್ಧ ಅಳತೆಯದನ್ನು ತನ್ನಿ. ತುಂಬಿದ ಕೆಗ್ 22–23 ಕಿಲೋ ತೂಗುತ್ತದೆ. ತರಕಾರಿ ಡಬ್ಬಿಯ ಗಾಜು ಅದನ್ನು ತಡೆಯುವುದಿಲ್ಲ, 18 ಮಿ.ಮೀ. ಪ್ಲೈವುಡ್ ಹಾಸಿ.

ನಲ್ಲಿಗೆ ತೂತು ಕೊರೆಯಬೇಕಾದದ್ದು ಬಾಗಿಲಲ್ಲಿ. ಅಲ್ಲಿ ಫೋಮ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಬಾಗಿಲಿನ ಮೂಲಕ ಹಾದು ಪೈಪನ್ನು ನಲ್ಲಿಗೆ ಜೋಡಿಸುವ 22 ಮಿ.ಮೀ. ಕೊಳವೆಗೆ, ಅಂದರೆ ಶ್ಯಾಂಕಿಗೆ, 23–25 ಮಿ.ಮೀ. ಹೋಲ್ ಸಾ ಸಾಕು. ನಲ್ಲಿಯೂ ಶ್ಯಾಂಕೂ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ಹೊಳೆಯುವ ಕ್ರೋಮ್ ಲೇಪದ ಕೆಳಗೆ ಹಿತ್ತಾಳೆ ಇರುತ್ತದೆ. ಸೋಡಾ ಹುಳಿಗುಣದ್ದಾದ್ದರಿಂದ ತಾಮ್ರದ ಅಂಶ ಕುಡಿಯುವ ನೀರಿಗೆ ಇಳಿಯುತ್ತದೆ. ಇಲ್ಲಿ ದುಡ್ಡು ಉಳಿಸಬೇಡಿ.

ಕೆಗ್ಗಿನಿಂದ ನಲ್ಲಿಗೆ ಹೋಗುವ ಪೈಪೇ ಇಡೀ ಕೆಲಸದ ಜೀವ. 5 ಮಿ.ಮೀ. ಒಳವ್ಯಾಸದ, ಕುಡಿಯುವ ಪದಾರ್ಥಕ್ಕೆಂದೇ ಮಾಡಿದ ಪೈಪು ಕನಿಷ್ಠ 6 ಮೀಟರ್ ಬೇಕು, 8 ಇದ್ದರೆ ಇನ್ನೂ ಒಳ್ಳೆಯದು. ಸುರುಳಿ ಸುತ್ತಿ ಫ್ರಿಡ್ಜಿನೊಳಗೇ ಇಡಿ. 30 ಪಿಎಸ್‌ಐ ಒತ್ತಡ ಆ ಉದ್ದದಲ್ಲಿ ಸವೆದು ನಲ್ಲಿಯ ಹತ್ತಿರ ಮೆತ್ತಗಾಗಬೇಕು. ಬಿಯರ್‌ನ ಎರಡು ಮೀಟರ್ ಪೈಪು ಹಾಕಿದರೆ ಗ್ಯಾಸೆಲ್ಲ ಲೋಟ ಸೇರುವ ಮೊದಲೇ ಹಾರಿಹೋಗುತ್ತದೆ.

ಆಹಾರ ದರ್ಜೆಯ ಕಾರ್ಬನ್ ಡೈಆಕ್ಸೈಡ್ ಎಂದು ಕೇಳಿ ತುಂಬಿಸಿಕೊಳ್ಳಿ. ಬೆಂಕಿ ಆರಿಸುವ ಸಿಲಿಂಡರ್ ಬೇಡವೇ ಬೇಡ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಗೋಡೆಗೆ ಸರಪಳಿ ಕಟ್ಟಿ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಆದ್ದರಿಂದ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಇಡಬಾರದು. ಒಳಗೆ ದ್ರವ ಇರುವವರೆಗೂ ಸಿಲಿಂಡರಿನ ಮೀಟರು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತಿರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಬೇಕು. ಒಂದು ಕೆಗ್ಗಿಗೆ 250–300 ಗ್ರಾಂ ಹಿಡಿಯುತ್ತದೆ.

ನೀರಿನ ವಿಷಯ ನಮ್ಮ ಕಡೆ ದೊಡ್ಡದು. ಪಾವಗಡ, ಶಿರಾ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಅದೇ ಕಥೆ. ಗ್ಯಾಸ್ ತುಂಬಿದ ಮಾತ್ರಕ್ಕೆ ಫ್ಲೋರೈಡ್ ಹೋಗುವುದಿಲ್ಲ. ಆರ್‌ಒ ನೀರನ್ನೇ ಬಳಸಿ.

ಮೊದಲು ಖಾಲಿ ಕೆಗ್ಗಿಗೆ 30 ಪಿಎಸ್‌ಐ ಕೊಟ್ಟು ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಕಾಣದಿದ್ದರೆ ಸಿಲಿಂಡರ್ ಮುಚ್ಚಿ ರಾತ್ರಿಯಿಡೀ ಬಿಟ್ಟು ಕೆಗ್ಗಿನ ಒತ್ತಡ ತೋರಿಸುವ ಮೀಟರು ನೋಡಿ, ಮುಳ್ಳು ಇಳಿದಿದ್ದರೆ ಸೋರಿಕೆ ಇದೆ. ನೀರು ತುಂಬಿದ ಮೇಲೆ ಈ ಪರೀಕ್ಷೆ ನಡೆಯದು. ಗ್ಯಾಸು ನೀರಿನಲ್ಲಿ ಕರಗಿ ಮುಳ್ಳು ತಾನಾಗಿ ಇಳಿಯುತ್ತದೆ, ಸೋರಿಕೆಯೋ ಅಲ್ಲವೋ ಗೊತ್ತಾಗುವುದಿಲ್ಲ. ಹಳೆ ಕೆಗ್ಗಾದರೆ ಓ-ರಿಂಗುಗಳನ್ನೆಲ್ಲ (ಸೋರದಂತೆ ತಡೆಯುವ ರಬ್ಬರ್ ಉಂಗುರಗಳು) ಬದಲಿಸಿ.

ಆಮೇಲೆ 17 ಲೀಟರ್ ನೀರು ತುಂಬಿ, ಗ್ಯಾಸ್ ಕೊಟ್ಟು, ಮುಚ್ಚಳದ ವಾಲ್ವನ್ನು ನಾಲ್ಕೈದು ಸಲ ಎಳೆದು ಒಳಗಿನ ಗಾಳಿ ಹೊರಹಾಕಿ. ಫ್ರಿಡ್ಜನ್ನು 3–4 ಡಿಗ್ರಿಗೆ ಇಟ್ಟು, 30 ಪಿಎಸ್‌ಐ ಒತ್ತಡದಲ್ಲಿ ಒಂದು ವಾರ ಬಿಡಿ. ತುಮಕೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಒಂದು ಚಿಲ್ಲರೆ ಪಿಎಸ್‌ಐ ಕಡಿಮೆ. ಹಾಗಾಗಿ ಕೆಗ್ಗಿನ ಒತ್ತಡದ ಮೀಟರಿನಲ್ಲಿ 31 ಇಟ್ಟರೆ ಸರಿಹೋಗುತ್ತದೆ. ಆತುರವಿದ್ದರೆ ನೀರು ಪೂರ್ತಿ ತಣ್ಣಗಾದ ಮೇಲೆ ಗ್ಯಾಸ್ ಪೈಪು ಹಾಕಿಟ್ಟುಕೊಂಡೇ ಹತ್ತು ನಿಮಿಷ ಕೆಗ್ಗನ್ನು ಅಲುಗಾಡಿಸಿ, ಒಂದು ದಿನ ಬಿಟ್ಟು ಹಿಡಿಯಿರಿ. ಬೆಚ್ಚಗಿನ ನೀರನ್ನು ಎಷ್ಟು ಅಲುಗಾಡಿಸಿದರೂ ವ್ಯರ್ಥ.

ಮೊದಲ ಲೋಟ ಮಾತ್ರ ಉಕ್ಕಿದರೆ ನಲ್ಲಿ ಬಿಸಿಯಾಗಿದೆ ಎಂದರ್ಥ, ಬೇಸಿಗೆಯಲ್ಲಿ ಅದು ಸಹಜ. ಎಲ್ಲ ಲೋಟವೂ ಉಕ್ಕಿದರೆ ಪೈಪು ಸಾಲದು. ಒತ್ತಡ ಇಳಿಸಿ ಸರಿಮಾಡಲು ಹೋಗಬೇಡಿ, ಎರಡು ದಿನಕ್ಕೆ ಸೋಡಾ ಸಪ್ಪೆಯಾಗುತ್ತದೆ. ನಲ್ಲಿಯನ್ನು ಅರ್ಧ ತೆರೆದರೂ ನೊರೆಯೇ. ಒಮ್ಮೆಗೇ ಪೂರ್ತಿ ಎಳೆಯಿರಿ.

ನಿಂಬೆರಸ, ಸಕ್ಕರೆ ಪಾಕ, ಸೊಗದೆ ಬೇರಿನ ಶರಬತ್ತು ಯಾವುದನ್ನೂ ಕೆಗ್ಗಿಗೆ ಹಾಕಬಾರದು. ಪೈಪಿನಲ್ಲಿ ಬೂಸ್ಟು ಕಟ್ಟುತ್ತದೆ. ಪಾಕ, ಉಪ್ಪು ಲೋಟದ ತಳಕ್ಕೆ ಹಾಕಿ, ಲೋಟವನ್ನು ವಾಲಿಸಿ ಮೇಲಿಂದ ಸೋಡಾ ಹಿಡಿಯಿರಿ.